ಇಎಸ್‌ಎಕ್ಸ್‌ಐ ಇನ್‌ಸ್ಟಾಲ್ ಸ್ಟೋರೇಜ್ ಡ್ರೈವರ್‌ನಲ್ಲಿ ನಿಂತರೆ ಮೊದಲು ರೇಡ್ ಕಾರ್ಡ್‌ಗೆ ಕೈ ಹಾಕಬೇಡಿ

ಇಎಸ್‌ಎಕ್ಸ್‌ಐ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್, ಅಂದರೆ ವಿಎಂ, ಓಡಿಸುವ ವಿಎಂವೇರ್ ತಂತ್ರಾಂಶ) 6.7 ಇದ್ದ ಹೋಸ್ಟ್‌ಗೆ, ಅಂದರೆ ಸರ್ವರ್‌ಗೆ, 7.0 ಹಾಕಲು ಹೋದಾಗ ಆದದ್ದಿದು. ಇನ್‌ಸ್ಟಾಲರ್ ಒಂದೊಂದೇ ಮಾಡ್ಯೂಲ್ ಲೋಡ್ ಮಾಡುತ್ತ ಬಂದು ‘ವಿಎಂಡಬ್ಲ್ಯೂ_ಎಸ್‌ಎಟಿಪಿ_ಅಲುವಾ ಲೋಡೆಡ್ ಸಕ್ಸೆಸ್‌ಫುಲಿ’ ಅನ್ನುವ ಸಾಲಿನಲ್ಲಿ ನಿಂತಿತು. ಅರ್ಧ ಗಂಟೆಯಾದರೂ ಅಲ್ಲೇ. ಡ್ರೈವರ್ ತೊಂದರೆ ಅಂತ ತೀರ್ಮಾನವಾಯಿತು. ಯುಎಸ್‌ಬಿ ಮತ್ತೆ ಬರೆದದ್ದಾಯಿತು, ರೇಡ್ ಕಾರ್ಡಿನ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ನಡೆಸುವ ಕಾರ್ಡ್) ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ದಾಯಿತು, ಕೊನೆಗೆ ಕಾರ್ಡಿನ ಸೆಟಪ್‌ನಲ್ಲಿ ‘ಕ್ಲಿಯರ್ ಕಾನ್ಫಿಗರೇಶನ್’ ಕೂಡ ಒತ್ತಿದ್ದಾಯಿತು. ಲೋಕಲ್ ಡೇಟಾಸ್ಟೋರ್ (ವಿಎಂ ಫೈಲ್‌ಗಳ ಜಾಗ) ಇದ್ದ ರೇಡ್ 5 ಅಲ್ಲಿಗೆ ಮಾಯ. ಇನ್‌ಸ್ಟಾಲರ್ ಮಾತ್ರ ಮತ್ತೆ ಅದೇ ಸಾಲಿಗೆ ಬಂದು ನಿಂತಿತು. ತೊಂದರೆ ಇದ್ದದ್ದು ಫೈಬರ್ ಕೇಬಲ್‌ನ ಆಚೆ ತುದಿಯ ಲನ್‌ಗಳಲ್ಲಿ, ಅಂದರೆ ಹಲವು ಹೋಸ್ಟ್‌ಗಳು ಹಂಚಿಕೊಳ್ಳುವ ಸ್ಟೋರೇಜ್‌ನ ಡಿಸ್ಕ್‌ಗಳಲ್ಲಿ.

ಪರದೆಯ ಕೊನೆಯ ಸಾಲನ್ನು ಅಪರಾಧಿ ಅಂದುಕೊಂಡದ್ದೇ ಎಡವಟ್ಟು. ‘ಸಕ್ಸೆಸ್‌ಫುಲಿ’ ಅಂತ ಬಂದ ಮಾಡ್ಯೂಲ್ ತನ್ನ ಕೆಲಸ ಮುಗಿಸಿದೆ. ಸಿಕ್ಕಿಕೊಂಡಿರುವುದು ಅದರ ಮುಂದಿನ ಹಂತ. ಎಸ್‌ಎಟಿಪಿ ಮಾಡ್ಯೂಲ್‌ಗಳಾದ (ಸ್ಟೋರೇಜ್ ತಲುಪುವ ದಾರಿಗಳನ್ನು ನೋಡಿಕೊಳ್ಳುವವು) ಮೇಲೆ ಹೋಸ್ಟ್ ತನಗೆ ಕಾಣುವ ಪ್ರತಿ ಲನ್ ಅನ್ನೂ, ಅದನ್ನು ತಲುಪುವ ಪ್ರತಿ ಪಾತ್ ಅನ್ನೂ ತಡವಿ ನೋಡುತ್ತದೆ. 20 ಲನ್, ತಲಾ 4 ಪಾತ್ ಅಂದರೆ 80. ಅಲ್ಲಿ ವಿಂಡೋಸ್ ಫೇಲೋವರ್ ಕ್ಲಸ್ಟರ್ (ಒಂದು ನೋಡ್ ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಜೋಡಣೆ) ಬಳಸುತ್ತಿರುವ ಆರ್‌ಡಿಎಂ ಲನ್‌ಗಳಿದ್ದರೆ (ವಿಎಂಗೆ ನೇರವಾಗಿ ಕೊಟ್ಟ ಲನ್‌ಗಳು), ಅವುಗಳ ಮೇಲೆ ಕ್ಲಸ್ಟರ್‌ನ ಆಕ್ಟಿವ್ ನೋಡ್ ಎಸ್‌ಸಿಎಸ್‌ಐ ರಿಸರ್ವೇಶನ್ (ಬೇರೆಯವರು ಬಳಸದಂತೆ ಹಾಕುವ ಬೀಗ) ಹಿಡಿದು ಕೂತಿರುತ್ತದೆ. ಹೊಸ ಹೋಸ್ಟ್ ಕೇಳುತ್ತದೆ, ‘ಇಲ್ಲ’ ಅನ್ನಿಸಿಕೊಳ್ಳುತ್ತದೆ, ಕಾಯುತ್ತದೆ, ಮತ್ತೆ ಕೇಳುತ್ತದೆ. ಹೀಗೆ ಗಂಟೆಗಟ್ಟಲೆ. ಹ್ಯಾಂಗ್ ಆದಂತೆ ಕಾಣುವ ಇದು ನಿಜಕ್ಕೂ ಹ್ಯಾಂಗ್ ಅಲ್ಲ.

ಊಹಿಸುತ್ತ ಕೂರಬೇಕಿಲ್ಲ. ಆಲ್ಟ್ ಮತ್ತು ಎಫ್12 ಒತ್ತಿದರೆ ವಿಎಂಕರ್ನಲ್ ಲಾಗ್ (ಇಎಸ್‌ಎಕ್ಸ್‌ಐ ಒಳಗೆ ನಡೆಯುವುದರ ದಾಖಲೆ) ಅಲ್ಲೇ ಹರಿಯುತ್ತಿರುತ್ತದೆ. ಫೇಲ್ ಆದ ಕಮಾಂಡಿನ ಸಾಲಿನಲ್ಲಿ ಎಚ್, ಡಿ, ಪಿ ಅಂತ ಮೂರು ಸ್ಥಿತಿಗಳಿರುತ್ತವೆ: ಹೋಸ್ಟ್, ಡಿವೈಸ್, ಪ್ಲಗಿನ್. ಡಿ ಜಾಗದಲ್ಲಿ ಹೆಕ್ಸ್ 18 ಕಂಡರೆ ರಿಸರ್ವೇಶನ್ ಕಾನ್‌ಫ್ಲಿಕ್ಟ್. ಡಿ 2 ಇದ್ದು ಸೆನ್ಸ್ ಡೇಟಾ 3, 11 ಅಂತ ಶುರುವಾದರೆ ಡಿಸ್ಕ್ ಓದಲಾಗುತ್ತಿಲ್ಲ, ಅಂದರೆ ಡಿಸ್ಕೇ ಸಾಯುತ್ತಿದೆ. ಎಚ್ ಜಾಗದಲ್ಲಿ 5 ಅಥವಾ 8 ಪದೇ ಪದೇ ಬಂದರೆ ಅಬಾರ್ಟ್, ರಿಸೆಟ್. ಆಗ ಮಾತ್ರ ಕಾರ್ಡ್, ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ಕೂರುವ ಬೋರ್ಡ್) ಕಡೆ ತಿರುಗಿ.

ಕೆಲಸ ಶುರು ಮಾಡುವ ಮೊದಲೇ ಫೈಬರ್ ಕೇಬಲ್‌ಗಳನ್ನು ಕಳಚಿ, ಇಲ್ಲವೇ ಸ್ವಿಚ್‌ನಲ್ಲಿ ಆ ಪೋರ್ಟ್ ಮುಚ್ಚಿ. ಇದಕ್ಕೆ ಇನ್ನೂ ದೊಡ್ಡ ಕಾರಣವಿದೆ: ಡಿಸ್ಕ್ ಆರಿಸುವ ಪರದೆಯಲ್ಲಿ ಹಂಚಿಕೆಯ ಲನ್‌ಗಳೂ ಸಾಲಾಗಿ ನಿಲ್ಲುತ್ತವೆ. ಕೈತಪ್ಪಿ ಅದರಲ್ಲೊಂದನ್ನು ಆರಿಸಿದರೆ ಉಳಿದ ಹೋಸ್ಟ್‌ಗಳ ವಿಎಂಗಳೂ ಹೋದವು.

ಇನ್‌ಸ್ಟಾಲ್ ಮುಗಿದ ಮೇಲೆ ಕೇಬಲ್ ಹಾಕಿ, ಆರ್‌ಡಿಎಂ ಲನ್‌ಗಳನ್ನು ಮಾತ್ರ ‘ಪೆರೆನಿಯಲಿ ರಿಸರ್ವ್ಡ್’ (ಸದಾ ಬೇರೆಯವರ ಹಿಡಿತದಲ್ಲಿರುವುದು) ಎಂದು ಗುರುತು ಮಾಡಿ. 7.0ರಿಂದ ವಿಸ್ಫಿಯರ್ ಕ್ಲೈಂಟ್‌ನಲ್ಲೇ (ಹೋಸ್ಟ್‌ಗಳನ್ನು ನಿರ್ವಹಿಸುವ ಪರದೆ) ಈ ಆಯ್ಕೆ ಇದೆ. ಪ್ರತಿ ಹೋಸ್ಟ್‌ನಲ್ಲೂ ಪ್ರತ್ಯೇಕವಾಗಿ ಮಾಡಬೇಕು, ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ. ವಿಎಂಎಫ್‌ಎಸ್ (ಇಎಸ್‌ಎಕ್ಸ್‌ಐನ ಫೈಲ್ ಸಿಸ್ಟಂ) ಡೇಟಾಸ್ಟೋರ್ ಇರುವ ಲನ್‌ಗೆ ಈ ಗುರುತು ಹಾಕಲೇಬಾರದು.

ಕೇಬಲ್ ತೆಗೆದ ಮೇಲೂ ನಿಂತರೆ ಸರ್ವರ್ ಆಫ್ ಮಾಡಿ, ಬೇ ನಂಬರ್ ಬರೆದಿಟ್ಟುಕೊಂಡು ಡೇಟಾ ಡಿಸ್ಕ್‌ಗಳನ್ನು ಅರ್ಧ ಎಳೆದಿಡಿ. ಆಗಲೂ ಮುಂದೆ ಹೋಗದಿದ್ದರೆ ಕಾರ್ಡನ್ನೇ ಹೊರತೆಗೆದು, ಆನ್‌ಬೋರ್ಡ್ ಸಾಟಾದಲ್ಲಿ ಒಂದು ಎಸ್‌ಎಸ್‌ಡಿ ಹಾಕಿ ಪ್ರಯತ್ನಿಸಿ. ಈಗ ಇನ್‌ಸ್ಟಾಲ್ ಮುಂದೆ ಹೋದರೆ ದೋಷ ಕಾರ್ಡಿನ ಕಡೆಯದು. ಡಿಸ್ಕ್‌ಗಳನ್ನು ಮರಳಿ ಹಾಕಿದಾಗ ಕಾರ್ಡ್ ‘ಫಾರಿನ್ ಕಾನ್ಫಿಗರೇಶನ್’ ಎಂದು ಕೇಳಿದರೆ ಇಂಪೋರ್ಟ್ ಒತ್ತಬೇಕು, ಕ್ಲಿಯರ್ ಅಲ್ಲ. ಈಗಾಗಲೇ ಕ್ಲಿಯರ್ ಮಾಡಿಬಿಟ್ಟಿದ್ದರೆ, ಅದೇ ಡಿಸ್ಕ್ ಕ್ರಮ, ಅದೇ ಸ್ಟ್ರೈಪ್ ಸೈಜ್ ಇಟ್ಟು, ಇನಿಶಿಯಲೈಸ್ ಮಾಡದೆ ಮತ್ತೆ ಕಟ್ಟಿದರೆ ಡೇಟಾ ಸಿಗುವ ಸಾಧ್ಯತೆ ಇದೆ. ‘ಫಾಸ್ಟ್ ಇನಿಶಿಯಲೈಸ್’ ಕೂಡ ಬೇಡ, ಪಾರ್ಟಿಶನ್ ಟೇಬಲ್ ಅಳಿಸುತ್ತದೆ.

ಹ್ಯಾಂಗ್ ಆಗದೆ ಡಿಸ್ಕೇ ಕಾಣದಿದ್ದರೆ ಅದು ಬೇರೆ ಕಥೆ. 2020ರಲ್ಲಿ ಬಂದ 7.0ರಲ್ಲಿ ವಿಎಂಕೆಲಿನಕ್ಸ್ ಪದರ (ಲಿನಕ್ಸ್‌ಗೆ ಬರೆದ ಡ್ರೈವರ್‌ಗಳನ್ನು ಓಡಿಸುತ್ತಿದ್ದದ್ದು) ತೆಗೆದುಹಾಕಿದ್ದರಿಂದ ಅದನ್ನು ನೆಚ್ಚಿಕೊಂಡಿದ್ದ ಹಳೆಯ ಡ್ರೈವರ್‌ಗಳು ಯಾವ ಉಪಾಯಕ್ಕೂ ಓಡುವುದಿಲ್ಲ. ಹಳೆಯ ವಿಐಬಿ (ಡ್ರೈವರ್ ಪ್ಯಾಕೇಜ್) ತುರುಕಿ ಐಎಸ್‌ಒ ಕಟ್ಟುವುದು ವ್ಯರ್ಥ. ಕಾರ್ಡಿನ ಹೆಸರು ನಂಬದೆ ನಾಲ್ಕು ಪಿಸಿಐ ಐಡಿಗಳನ್ನು (ವೆಂಡರ್, ಡಿವೈಸ್, ಸಬ್‌ವೆಂಡರ್, ಸಬ್‌ಡಿವೈಸ್) ಹೊಂದಾಣಿಕೆ ಪಟ್ಟಿಯೊಂದಿಗೆ ತಾಳೆ ನೋಡಿ. ಒಂದೇ ಚಿಪ್ ಇದ್ದರೂ ಸಬ್‌ಡಿವೈಸ್ ಬೇರೆಯಾಗಿ ಪಟ್ಟಿಯಿಂದ ಹೊರಗುಳಿಯುವ ಕಾರ್ಡ್‌ಗಳಿವೆ. 7.0ರ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿದಿರುವುದರಿಂದ ಈ ತಾಳೆಯನ್ನು 8.0ಕ್ಕೇ ಮಾಡುವುದು ಸರಿ. ಅದರಲ್ಲಿ ಇನ್ನಷ್ಟು ಹಳೆಯ ಕಾರ್ಡ್‌ಗಳನ್ನು ಕೈಬಿಡಲಾಗಿದೆ.