ಇಂಜಿನ್ ಕೆಲಸ ಆದ ಮೇಲೆ ಗಾಡಿ ನಡುಗುತ್ತಿದೆಯಾ? ಪಾರ್ಟ್ ಬದಲಿಸೋಕೆ ಒಪ್ಪುವ ಮೊದಲು ಓದಿ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹಾಗೆ ನೀವೂ ಸುಮ್ನೆ ದುಡ್ಡು ಕಳೆದುಕೊಳ್ಳಬಾರದು.

ನನ್ನ ಕಾರಿನ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗೆ ಕೂರುವ ಸೀಲ್) ಹೋಗಿತ್ತು. ಗ್ಯಾರೇಜಿನವರು ಹೆಡ್ ಬಿಚ್ಚಿ, ಫೇಸಿಂಗ್ ಮಾಡಿಸಿ (ಅದರ ಮೈಯನ್ನು ಸಮತಟ್ಟು ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ಟರು. ಇಂಜಿನ್ ಬಿಸಿಯಾಗುವುದು ನಿಂತಿತು. ಆದರೆ ಮೊದಲು ಇಲ್ಲದ ಇನ್ನೊಂದು ಕಾಟ ಶುರುವಾಯಿತು. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ, ಗಾಡಿ ಒಂದೇ ಸಮನೆ ನಡುಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗು, ಸೀಟು ಎಲ್ಲ ಅದುರುತ್ತಿದ್ದವು. ಆರ್‌ಪಿಎಂ ಮುಳ್ಳು 600ಕ್ಕೆ ಇಳಿಯುವುದು, 1,100ಕ್ಕೆ ಏರುವುದು, ಮತ್ತೆ ಇಳಿಯುವುದು. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಎಲ್ಲ ಸರಿ.

"ಹಳೇ ಗಾಡಿ ಅಲ್ವಾ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದರು. ಈ ಮಾತನ್ನು ನಂಬಬೇಡಿ. ಬ್ಯಾಟರಿ ಬಿಚ್ಚಿದ್ದರೆ ಕೆಲವು ಗಾಡಿಗಳ ಕಂಪ್ಯೂಟರ್ ಐಡ್ಲಿಂಗ್ ಲೆಕ್ಕವನ್ನು ಮರೆತುಬಿಡುತ್ತದೆ, ಅದು ನಿಜ. ಆದರೆ ಸ್ವಲ್ಪ ಓಡಿಸಿದರೆ ಅಥವಾ ಸ್ಕ್ಯಾನರ್ ಹಾಕಿ ಕಲಿಸಿದರೆ ಅದು ಸರಿಹೋಗಬೇಕು. ಆಮೇಲೂ ನಡುಕ ಉಳಿದರೆ ಬೇರೆ ಏನೋ ಕೆಟ್ಟಿದೆ ಅಂತಲೇ ಅರ್ಥ.

ಆಮೇಲೆ ಪಾರ್ಟ್‌ಗಳ ಸರದಿ. ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬದಲಿಸಿದರು. ಚೆಕ್ ಇಂಜಿನ್ ದೀಪ ಹತ್ತಿದಾಗ ಸ್ಕ್ಯಾನರ್‌ನಲ್ಲಿ ಪಿ0171 ಕೋಡ್ ಬಂತು. ತಕ್ಷಣ ಆಕ್ಸಿಜನ್ ಸೆನ್ಸರ್ (ಇಂಜಿನ್ ಹೊಗೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್) ಹೋಗಿದೆ ಅಂತ ಅದನ್ನೂ ಬದಲಿಸಿದರು. ಆ ಕೋಡ್ ಹೇಳುವುದು ಇಷ್ಟೇ: ಇಂಜಿನ್‌ಗೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ ಹೋಗುತ್ತಿದೆ. ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂತು, ಅದೇ ನಡುಕ ಉಳಿಯಿತು.

ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ನೋಡಿದರು. ಐಡ್ಲಿಂಗ್‌ನಲ್ಲಿ ಪ್ಲಸ್ 22 ಪರ್ಸೆಂಟ್ ಇತ್ತು. 2,500 ಆರ್‌ಪಿಎಂಗೆ ಏರಿಸಿದಾಗ 4ಕ್ಕೆ ಇಳಿಯಿತು. "ಎಲ್ಲೋ ಗಾಳಿ ಎಳೀತಿದೆ" ಅಂದರು. ಏರ್‌ಫ್ಲೋ ಸೆನ್ಸರ್ (ಒಳಗೆ ಬರುವ ಗಾಳಿ ಅಳೆಯುವ ಸೆನ್ಸರ್) ಇರುವ ಗಾಡಿಗಳಲ್ಲಿ ಇದು ವ್ಯಾಕ್ಯೂಮ್ ಲೀಕ್‌ನ, ಅಂದರೆ ಅಳತೆಗೆ ಸಿಗದ ಗಾಳಿ ಸಂದಿಯಿಂದ ಒಳಗೆ ನುಗ್ಗುವುದರ ಗುರುತು. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ಲೀಕ್ ಕೂಡ ದೊಡ್ಡ ಪಾಲಾಗುತ್ತದೆ. ಜೋರಾಗಿ ಓಡುವಾಗ ಅದೇ ಲೀಕ್ ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಇದರ ಉಲ್ಟಾ, ಲೋಡ್ ಬಿದ್ದಾಗ ಟ್ರಿಮ್ ಏರುತ್ತದೆ.

ಆಮೇಲೆ ಸ್ಮೋಕ್ ಟೆಸ್ಟ್. ಇಂಜಿನ್ ಆಫ್ ಮಾಡಿ, ಗಾಳಿ ಹೋಗುವ ದಾರಿಗೆ ಹೊಗೆ ಬಿಟ್ಟರು. ಟಾರ್ಚ್ ಹಿಡಿದು ನೋಡಿದರೆ ಕೊನೆಯ ಸಿಲಿಂಡರ್ ಹತ್ತಿರ, ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹೆಡ್‌ಗೆ ಕೂರುವ ಸಂದಿಯಿಂದ ಹೊಗೆಯ ಎಳೆ ಮೇಲೇಳುತ್ತಿತ್ತು. ಬಿಚ್ಚಿದಾಗ ಗೊತ್ತಾಯಿತು, ಮೊದಲಿನ ಗ್ಯಾರೇಜಿನವರು ಮ್ಯಾನಿಫೋಲ್ಡ್‌ನ ಹಳೇ ಗ್ಯಾಸ್ಕೆಟ್ಟನ್ನೇ ವಾಪಸ್ ಹಾಕಿದ್ದರು. ಅದರ ರಬ್ಬರ್ ಚಪ್ಪಟೆಯಾಗಿ, ಗಟ್ಟಿಯಾಗಿ, ಉಗುರಿನಿಂದ ಒತ್ತಿದರೂ ತಗ್ಗುತ್ತಿರಲಿಲ್ಲ. ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪೈಪ್) ಕೂಡ ಕೆಳಗಡೆ, ಕಣ್ಣಿಗೆ ಕಾಣದ ಕಡೆ ಸೀಳಿತ್ತು. ಎರಡನ್ನೂ ಹೊಸದಾಗಿ ಹಾಕಿದ ಮೇಲೆ ಮುಳ್ಳು 750ರಲ್ಲಿ ನಿಂತಿತು. ಸೆನ್ಸರ್‌ಗೆ ಕೊಟ್ಟ ದುಡ್ಡಿನ ಮುಂದೆ ಈ ಗ್ಯಾಸ್ಕೆಟ್ ಬೆಲೆ ಏನೇನೂ ಅಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ರಿಪೇರಿ ಆದ ಕೂಡಲೇ ಹೊಸ ತೊಂದರೆ ಬಂದರೆ, ಕೈ ಆಡಿದ ಜಾಗವನ್ನೇ ಮೊದಲು ನೋಡಿಸಿ. ಹೆಡ್ ಕೆಲಸ ಆಗಿದ್ದರೆ ಟೈಮಿಂಗ್ ಬೆಲ್ಟ್ (ವಾಲ್ವ್ ಮತ್ತು ಪಿಸ್ಟನ್ ಓಟವನ್ನು ಹೊಂದಿಸುವ ಬೆಲ್ಟ್) ಒಂದು ಹಲ್ಲು ಆಚೀಚೆ ಕೂತಿರಬಹುದು. ಇದನ್ನು ಹಗುರವಾಗಿ ತಗೋಬೇಡಿ. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಜಾಸ್ತಿ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತದೆ. ವ್ಯಾಕ್ಯೂಮ್ ಗೇಜ್ (ಇನ್‌ಟೇಕ್ ಒಳಗಿನ ಎಳೆತ ಅಳೆಯುವ ಮೀಟರ್) ಹಾಕಿದರೆ ಸರಿ ಇರುವ ಇಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 22 ಇಂಚು (ಪಾದರಸದ ಅಳತೆ) ತೋರಿಸುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಎತ್ತರದ ಊರುಗಳಲ್ಲಿ ಸ್ವಲ್ಪ ಕಡಿಮೆ. ಒಂದೇ ಸಿಲಿಂಡರ್ ಮೇಲೆ ಅನುಮಾನ ಇದ್ದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ನೋಡುವ ಪರೀಕ್ಷೆ) ಮಾಡಿಸಿ.

ಲೀಕ್ ಹುಡುಕಲು ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ದ್ರವ) ಸ್ಪ್ರೇ ಮಾಡುವವರು ಇದ್ದಾರೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿ ಹತ್ತುವ ವಸ್ತು. ನೀವಂತೂ ಮಾಡಬೇಡಿ. ಚೆಕ್ ಇಂಜಿನ್ ದೀಪ ಸುಮ್ನೆ ಉರಿಯದೆ ಮಿಟುಕುತ್ತಿದ್ದರೆ ಗಾಡಿ ಓಡಿಸಲೇಬೇಡಿ. ಮಿಸ್‌ಫೈರ್‌ನಿಂದ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ (ಹೊಗೆ ಶುದ್ಧ ಮಾಡುವ ಭಾಗಕ್ಕೆ) ಹೋಗಿ ಅದನ್ನೇ ಸುಟ್ಟುಬಿಡುತ್ತದೆ.

ಮೊದಲಿನ ಗ್ಯಾರೇಜಿನವರನ್ನು ಸೆನ್ಸರ್ ದುಡ್ಡು ವಾಪಸ್ ಕೇಳಿದ್ದಕ್ಕೆ "ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ" ಅಂದುಬಿಟ್ಟರು. ಅದಕ್ಕೇ ಹೆಡ್ ಕೆಲಸಕ್ಕೆ ಕೊಡುವ ದಿನವೇ ಎಸ್ಟಿಮೇಟ್ ಹಾಳೆ ಕೇಳಿ, ಅದರಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬರೆದಿದ್ದಾರಾ ನೋಡಿ. ಬಿಚ್ಚಿದ ಹಳೇ ಪಾರ್ಟ್‌ಗಳನ್ನು ಕೈಗೆ ಕೊಡಬೇಕು ಅಂತಲೂ ಆಗಲೇ ಹೇಳಿಬಿಡಿ.