ಜಿಮ್ಮು, ಬೆಟ್ಟ, ಕೆರೆ: ಮೂರನ್ನೂ ಮಾಡಿ ನೋಡಿದೆ

ಹೋದ ವರ್ಷ ದೀಪಾವಳಿಗೆ ಪ್ಯಾಂಟು ಹೊಲಿಸೋಕೆ ಹೋಗಿದ್ದೆ. ಟೈಲರ್ ಸೊಂಟಕ್ಕೆ ಟೇಪು ಸುತ್ತಿ, ಬರೆದುಕೊಳ್ಳುತ್ತಿದ್ದ ಹುಡುಗನಿಗೆ "ನಲವತ್ತೊಂದು" ಅಂದರು. ಆಮೇಲೆ ನನ್ನ ಹೊಟ್ಟೆ ನೋಡಿ, "ಒಳಗೆ ಬಟ್ಟೆ ಜಾಸ್ತಿ ಬಿಟ್ಟಿರ್ತೀನಿ ಸಾರ್, ಮುಂದೆ ಬೇಕಾದ್ರೆ ಬಿಚ್ಕೊಬಹುದು" ಅಂದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

41 ಇಂಚು ಅಂದರೆ 104 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80 ಅಂತ ಡಾಕ್ಟರುಗಳು ಹೇಳುತ್ತಾರೆ. ನನ್ನ ಎತ್ತರ 168 ಸೆಂಟಿಮೀಟರ್, ಆಗ ತೂಕ 84.2 ಕಿಲೋ, ವಯಸ್ಸು 46. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಮಾತ್ರೆ ಈಗಲೇ ಬೇಡ, ಆರು ಕಿಲೋ ಇಳಿಸಿ ಬನ್ನಿ ಅಂದರು ಡಾಕ್ಟರು.

ಮೈಸೂರಲ್ಲಿ ಇರೋರಿಗೆ ಮೈ ಬಗ್ಗಿಸೋಕೆ ಜಾಗಕ್ಕೆ ಬರವಿಲ್ಲ. ನಾನು ಜನವರಿಯಿಂದ ಮಾರ್ಚ್‌ವರೆಗೆ ಜಿಮ್ಮಿಗೆ ಹೋದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಚಾಮುಂಡಿ ಬೆಟ್ಟ ಹತ್ತಿದೆ. ಜುಲೈಯಿಂದ ಈ ಡಿಸೆಂಬರ್‌ವರೆಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ ಕಾಫಿಗೆ ಮುಂಚೆ ತೂಕ ನೋಡಿ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೇನೆ.

ಮೊದಲು ಜಿಮ್ಮು. ಮನೆಯಿಂದ ಎರಡು ರಸ್ತೆ ಆಚೆ. ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ 12,000 ಅಂದರು, ಹೊಸ ವರ್ಷದ ಹುಮ್ಮಸ್ಸಲ್ಲಿ ಕಟ್ಟಿಬಿಟ್ಟೆ. ನನ್ನ ಮೊದಲ ದಡ್ಡತನ ಅದು. ಎರಡನೆಯದು, ಟ್ರೇನರ್ ಹುಡುಗನಿಗೆ "ನಂಗೆ ಆಗಲ್ಲ ಕಣಪ್ಪ" ಅನ್ನೋಕೆ ನಾಚಿಕೆಪಟ್ಟಿದ್ದು. ಎರಡನೇ ವಾರಕ್ಕೇ ಹೆಗಲ ಮೇಲೆ ರಾಡು ಇಟ್ಟು ಕೂತು ಏಳಿಸಿದ. ಬೆನ್ನು ಕಟಕ್ ಅಂತು. ಐದು ದಿನ ಚಾಪೆ ಮೇಲೆ. ನನ್ನ ವಯಸ್ಸಲ್ಲಿ ಮೊದಲ ಒಂದು ತಿಂಗಳು ಬರೀ ಮೈಭಾರದಲ್ಲಿ ಬಸ್ಕಿ ಹೊಡೆದು ಆಮೇಲೆ ರಾಡು ಮುಟ್ಟಬೇಕಿತ್ತು. ಸ್ಕ್ವಾಟ್ ಅಂತ ಇಂಗ್ಲಿಷಲ್ಲಿ ಹೇಳಿದ್ದಕ್ಕೆ ಹೊಸದು ಅನ್ನಿಸಿತ್ತು. ಗರಡಿ ಮನೆಯಲ್ಲಿ ನಮ್ಮ ಅಜ್ಜಂದಿರು ಹೊಡೆದ ಬಸ್ಕಿಯೇ ತಾನೇ ಅದು?

ಹಾಗಂತ ಜಿಮ್ಮು ದಂಡ ಅನ್ನೋಲ್ಲ. ಮಾರ್ಚ್ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಒಬ್ಬನೇ ಎತ್ತಿ ಅಡುಗೆಮನೆಗೆ ತರುತ್ತಿದ್ದೆ. ಕುರ್ಚಿಯಿಂದ ಏಳುವಾಗ ಕೈ ಊರೋದು ನಿಂತಿತ್ತು. ಆದರೆ ತೂಕ? 84.2 ಇದ್ದದ್ದು 83.6. ಮೂರು ತಿಂಗಳಿಗೆ 600 ಗ್ರಾಂ! ಒಂದಿಷ್ಟು ಸ್ನಾಯು ಬಂದು ಕೊಬ್ಬು ಹೋಗಿರಬಹುದು, ಯಾಕೆಂದರೆ ಸೊಂಟ ಒಂದಿಂಚು ಇಳಿದಿತ್ತು. ಆದರೂ ನಿಜವಾದ ಕಾರಣ ಹೊಟ್ಟೆಗೇ ಗೊತ್ತು. ಜಿಮ್ಮಿಂದ ಬಂದರೆ ಏಳೂವರೆಗೇ ಹೊಟ್ಟೆಯೊಳಗೆ ಇಲಿ ಓಡಾಡುತ್ತಿತ್ತು. ಆರು ಇಡ್ಲಿ, ಜೊತೆಗೆ "ಪ್ರೋಟೀನ್ ಬೇಕಲ್ವಾ" ಅಂತ ಹುಡುಗ ಹಚ್ಚಿದ ಡಬ್ಬಿಯ ಪುಡಿ, ಹಾಲಲ್ಲಿ ಕದಡಿ, ಸಕ್ಕರೆ ಹಾಕಿಕೊಂಡು. ಆ ಡಬ್ಬಿಯ ದುಡ್ಡಲ್ಲಿ ಎರಡು ತಿಂಗಳಿಗಾಗುವಷ್ಟು ಹೆಸರುಕಾಳು, ಹುರುಳಿ, ಮೊಟ್ಟೆ ಬರುತ್ತಿತ್ತು.

ಫೆಬ್ರವರಿಯಲ್ಲಿ ಮೂರು ವಾರ ಆ ಹದಿನಾರು ಗಂಟೆ ಉಪವಾಸವನ್ನೂ ಮಾಡಿದೆ. ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಮಾರನೇ ದಿನ ಹನ್ನೆರಡರವರೆಗೆ ಏನೂ ಇಲ್ಲ. ನಮ್ಮ ಆಫೀಸಿನ ಒಬ್ಬರಿಗೆ ಇದರಿಂದಲೇ ಎಂಟು ಕಿಲೋ ಇಳಿದಿದೆ. ನನಗೆ ಹನ್ನೊಂದು ಗಂಟೆಗೆ ತಲೆನೋವು, ಹನ್ನೆರಡಕ್ಕೆ ಬಕಾಸುರ. ಬಿಟ್ಟೆ. ಸಕ್ಕರೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಇದಕ್ಕೆ ಕೈ ಹಾಕಬೇಡಿ.

ಏಪ್ರಿಲ್‌ನಲ್ಲಿ ಗೆಳೆಯರು ಬೆಟ್ಟಕ್ಕೆ ಕರೆದರು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಐದೂಮುಕ್ಕಾಲಿಗೆ ಪಾದದ ಹತ್ತಿರ ಗಾಡಿ ನಿಲ್ಲಿಸಿ ಹೊರಡೋದು. ಸಾವಿರ ಚಿಲ್ಲರೆ ಮೆಟ್ಟಿಲು. ಮೊದಲ ದಿನ ಮುನ್ನೂರಕ್ಕೇ ಕಲ್ಲಿನ ಮೇಲೆ ಕೂತೆ. ಎದೆ ಡವಡವ, ಕಿವಿಯಲ್ಲಿ ಸೊಯ್ ಅಂತ ಸದ್ದು. ಪಕ್ಕದಲ್ಲಿ ಅರವತ್ತು ದಾಟಿದ ಅಮ್ಮ ಒಬ್ಬರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಮೇಲೆ ಹೋಗುತ್ತಿದ್ದರು. ಬಗ್ಗೋದು, ಹಚ್ಚೋದು, ಏಳೋದು, ಹತ್ತೋದು. ಅದಕ್ಕಿಂತ ಒಳ್ಳೆ ಕಸರತ್ತು ಯಾವ ಜಿಮ್ಮಲ್ಲಿದೆ ಹೇಳಿ! ನನ್ನ ಕಡೆ ತಿರುಗಿ, "ನಿಧಾನಕ್ಕೆ ಬಾಪ್ಪಾ, ತಾಯಿ ಎಲ್ಲೂ ಹೋಗಲ್ಲ" ಅಂದು ಮುಂದೆ ಹೋದರು.

ಮೂರನೇ ವಾರಕ್ಕೆ ನಂದಿಯವರೆಗೆ ನಿಲ್ಲದೆ ಹತ್ತಿದೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ. ಬಸವಣ್ಣನ ಮುಂದೆ ನಿಂತು ಬೆವರು ಒರೆಸಿಕೊಳ್ಳುವಾಗ ಕೆಳಗೆ ಊರು ಮಂಜಲ್ಲಿ ಮಲಗಿರುತ್ತೆ. ಆ ಖುಷಿ ಟ್ರೆಡ್‌ಮಿಲ್ ಮೇಲೆ ಸಿಗಲ್ಲ. ಎರಡು ತಿಂಗಳಾದ ಮೇಲೆ ಆಫೀಸಿನ ಮೂರನೇ ಮಹಡಿಗೆ ಮಾತಾಡಿಕೊಂಡೇ ಹತ್ತುತ್ತಿದ್ದೆ. ದಮ್ಮು ಬರಬೇಕು ಅಂದರೆ ಬೆಟ್ಟವೇ ಸರಿ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರೋದು ಇಳಿಯೋದರಲ್ಲಿ. ಹತ್ತುವಾಗ ಎದೆಗೆ ಕೆಲಸ, ಇಳಿಯುವಾಗ ಮಂಡಿಗೆ. ಒಂದೊಂದು ಹೆಜ್ಜೆಗೂ 84 ಕಿಲೋ ಮೈಯನ್ನು ತೊಡೆ ಮಂಡಿ ಎರಡೂ ಸೇರಿ ತಡೆದು ನಿಲ್ಲಿಸಬೇಕು. ಮೇ ಹೊತ್ತಿಗೆ ಬಲ ಮಂಡಿ ಚುರುಚುರು ಅನ್ನೋಕೆ ಶುರುವಾಯಿತು. ಹತ್ತಿ ಆಮೇಲೆ 201ನೇ ನಂಬರ್ ಬಸ್ಸಲ್ಲಿ ಇಳಿಯಬಹುದಿತ್ತು. ಆದರೆ ಗಾಡಿ ಪಾದದಲ್ಲಿ, ಬಸ್ಸು ಹೋಗೋದು ಸಿಟಿ ಸ್ಟ್ಯಾಂಡಿಗೆ! ತೂಕ ಜಾಸ್ತಿ ಇರೋರು ಬೆಟ್ಟದಿಂದ ಶುರು ಮಾಡಬೇಡಿ. ಮೊದಲು ಸಮತಟ್ಟಾದ ಜಾಗದಲ್ಲಿ ನಾಲ್ಕೈದು ಕಿಲೋ ಇಳಿಸಿಕೊಂಡು ಆಮೇಲೆ ಬೆಟ್ಟಕ್ಕೆ ಬನ್ನಿ.

ಇನ್ನೊಂದು ತೊಂದರೆ ಬಾಯಿ ಚಪ್ಪರಿಸೋ ಅಂಥದ್ದು. ನಮ್ಮ ಬಳಗ ಇಳಿದು ನೇರ ಹೋಟೆಲಿಗೆ. ಬೆಣ್ಣೆ ಹಾಕಿದ ಮಸಾಲೆ ದೋಸೆ, ಮಧ್ಯೆ ಒಂದು ಉದ್ದಿನವಡೆ ಹಂಚಿಕೊಂಡು, ಕಾಫಿ. ನನ್ನ ಅಂದಾಜಲ್ಲಿ ಬೆಟ್ಟ ಹತ್ತಿ ಇಳಿದರೆ 300 ಕ್ಯಾಲೊರಿ ಆಸುಪಾಸು ಖರ್ಚು. ಆ ದೋಸೆ ಒಂದರಲ್ಲೇ ಅದು ವಾಪಸ್ ಬಂದು ಕೂರುತ್ತೆ. ವಡೆ, ಕಾಫಿ ಮೇಲುಸಾಲ. ಬೆಟ್ಟ ಹತ್ತಿದ ದಿನ ತಿಂದರೆ ಏನೂ ಆಗಲ್ಲ ಅಂತ ಎಲ್ಲರೂ ಸೇರಿ ನಂಬಿಕೊಂಡಿದ್ದೆವು. ಜೂನ್ ಕೊನೆಗೆ ತೂಕ 82.5. ಆಮೇಲೆ ಆಷಾಢ ಬಂತು. ಶುಕ್ರವಾರ ಬೆಟ್ಟದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮಂಡಿಗೂ ಒಂದು ನೆಪ ಸಿಕ್ಕಿತು.

ಜುಲೈನಲ್ಲಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಸುತ್ತು ಐದು ಕಿಲೋಮೀಟರ್‌ಗೆ ಹತ್ತಿರ. ಹೆಚ್ಚಿನಂಶ ಮಣ್ಣಿನ ದಾರಿ, ಮಂಡಿಗೆ ಮೆತ್ತಗೆ. ಮೊದಲು ಒಂದು ಸುತ್ತಿಗೆ 65 ನಿಮಿಷ ಬೇಕಿತ್ತು, ಈಗ 50. ಜೊತೆಯವರ ಹತ್ತಿರ ಮಾತಾಡೋಕೆ ಆಗಬೇಕು, ಹಾಡೋಕೆ ಹೋದರೆ ಉಸಿರು ಸಾಲಬಾರದು, ಅದೇ ಸರಿಯಾದ ವೇಗ. ವಾರಕ್ಕೆ 150ರಿಂದ 300 ನಿಮಿಷ ಇಂಥ ನಡಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ವಾರಕ್ಕೆ ಐದು ದಿನ ಹೋದರೆ ನನಗೆ 250 ಆಗುತ್ತೆ.

ಕೆರೆ ಬಗ್ಗೆ ಹೇಳೋಕೆ ರೋಚಕ ಏನೂ ಇಲ್ಲ. ನೀರಿನ ಮೇಲೆ ಹೆಜ್ಜಾರ್ಲೆ ತೇಲುತ್ತಿರುತ್ತೆ, ಮುಂದೆ ಇಬ್ಬರು ರಿಟೈರ್ಡ್ ಮೇಷ್ಟ್ರು ರಾಜಕೀಯ ಜಗಳ ಆಡುತ್ತಾ ನಡೆಯುತ್ತಾರೆ. ಬೆವರು ಬರುತ್ತೆ, ಸುಸ್ತಾಗಲ್ಲ. ಅದರಲ್ಲೇ ಗುಟ್ಟಿರೋದು. ಮನೆಗೆ ಬಂದಾಗ ಬೆಟ್ಟದ ದಿನದ ಹಸಿವೂ ಇರಲ್ಲ, "ನಾನು ಏನೋ ಸಾಧಿಸಿದೆ" ಅನ್ನೋ ಧಿಮಾಕೂ ಇರಲ್ಲ. ಹಾಗಾಗಿ ತಟ್ಟೆಯಲ್ಲಿ ಇನಾಮು ಬೇಕು ಅನ್ನಿಸಲ್ಲ.

ಈಗ ಊಟದ ವಿಷಯಕ್ಕೆ ಬರುತ್ತೇನೆ, ಜಾಸ್ತಿ ಫರಕು ಆಗಿದ್ದು ಇಲ್ಲೇ.

ಬೆಟ್ಟದ ದಿನಗಳಲ್ಲಿ ರಾತ್ರಿ ಅನ್ನ ಬಿಟ್ಟು ಚಪಾತಿಗೆ ಬಂದಿದ್ದೆ. ಎಲ್ಲರೂ ಅದನ್ನೇ ಹೇಳೋದು ಅಲ್ವಾ? ಆದರೆ ಅಕ್ಕಿ, ಗೋಧಿ ಹಿಟ್ಟು, ರಾಗಿ ಹಿಟ್ಟು, ಮೂರನ್ನೂ 100 ಗ್ರಾಂ ತೂಗಿ ನೋಡಿದರೆ ಕ್ಯಾಲೊರಿ 320ರಿಂದ 360ರ ಒಳಗೇ ಬರುತ್ತೆ. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಜೊತೆಗೆ ಏನು ಬರುತ್ತೆ ಅನ್ನೋದರಲ್ಲಿ. ಚಪಾತಿಗೆ ಎಣ್ಣೆ ಸವರಬೇಕು. ಪಲ್ಯ ಒಣಗಿದ್ದರೆ ಗಂಟಲಲ್ಲಿ ಇಳಿಯಲ್ಲ, ಅದಕ್ಕೂ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ನಾಲ್ಕು ಚಪಾತಿ ತಿಂದು "ಅನ್ನ ಮುಟ್ಟಿಲ್ಲ" ಅಂತ ಬೀಗಿದ್ದೇ ಬಂತು.

ಅನ್ನದ ತಕರಾರು ಬೇರೆ. ಅನ್ನ ಒಂದು ಸಲ ಬಡಿಸಿ ಮುಗಿಯೋ ಅಂಥದ್ದಲ್ಲ. ಹುಳಿಗೆ ಒಂದು ಸಲ, ಸಾರಿಗೆ ಒಂದು ಸಲ, ಮೊಸರಿಗೆ ಕೊನೇಲಿ "ಸ್ವಲ್ಪ". ಆ ಸ್ವಲ್ಪವೇ ಒಂದು ಸೌಟು. ಎಷ್ಟು ತಿಂದೆ ಅನ್ನೋ ಲೆಕ್ಕವೇ ಸಿಗಲ್ಲ.

ಮುದ್ದೆಗೆ ಲೆಕ್ಕ ಇದೆ. ಒಂದು ಅಂದರೆ ಒಂದು. ಜುಲೈನಲ್ಲಿ ಮಂಡ್ಯದಿಂದ ನಮ್ಮ ಅತ್ತೆ ಬಂದಿದ್ದರು, ಅವರ ಹತ್ತಿರ ಕಲಿತೆ. ಎಸರು ಕುದಿಯುವಾಗ ಒಂದು ಚಿಟಿಕೆ ಹಿಟ್ಟು ಕದಡಿ ಹಾಕಬೇಕು. ಆಮೇಲೆ ಉಳಿದ ಹಿಟ್ಟನ್ನ ಗುಡ್ಡೆಯಾಗಿ ಸುರಿದು, ನಡುವೆ ಕೋಲಲ್ಲಿ ತೂತು ಮಾಡಿ, ಮುಟ್ಟದೆ ಬೇಯೋಕೆ ಬಿಡಬೇಕು. ನಾನು ಅವಸರಕ್ಕೆ ತಿರುವಿದೆ, ಗಂಟು ಕಟ್ಟಿತು. "ಅಳಿಯಂದ್ರೆ, ಅದು ಬೇಯ್ಲಿ, ನೀವು ಸುಮ್ನಿರಿ" ಅಂದರು. ಕೊನೆಗೆ ಪಾತ್ರೆಯನ್ನ ಕಾಲಲ್ಲಿ ಅದುಮಿ ಹಿಡಿದು ಎರಡೂ ಕೈಯಲ್ಲಿ ಕೋಲು ತಿರುವೋದು. ಅದೂ ವ್ಯಾಯಾಮದ ಲೆಕ್ಕಕ್ಕೆ ಸೇರಬೇಕು.

ಮುದ್ದೆ ಅಗಿಯೋ ಹಾಗಿಲ್ಲ, ಸಾರಲ್ಲಿ ಹೊರಳಿಸಿ ನುಂಗಬೇಕು. ಹಾಗಾಗಿ ಸಾರು ಧಾರಾಳ ಬೇಕು, ಆ ಸಾರು ಸೊಪ್ಪಿಂದೋ ಕಾಳಿಂದೋ ಇರುತ್ತೆ. ಬಸ್ಸಾರು, ಉಪ್ಸಾರು, ಹುರುಳಿ ಸಾರು, ಮೊಳಕೆ ಕಾಳಿನ ಸಾರು. ಎಣ್ಣೆ ಒಗ್ಗರಣೆಗೆ ಅಷ್ಟೇ. ಪ್ರೋಟೀನು, ನಾರು ಎರಡೂ ಕೇಳದೇ ಬಂದು ಬೀಳುತ್ತೆ. ಹಿಟ್ಟಲ್ಲಿ ಮಾಡಿದ್ದಾದರೂ ನೀರು ಕುಡಿದು ದಪ್ಪಗಿರೋದರಿಂದ ಹೊಟ್ಟೆ ತುಂಬಿದ್ದು ಬೇಗ ಗೊತ್ತಾಗುತ್ತೆ. "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ" ಅನ್ನೋ ಗಾದೆ ಇದೆಯಲ್ಲ, ನಾನು ಬೆಟ್ಟ ಬಿಟ್ಟ ಮೇಲೆ ಹಿಟ್ಟು ಹಿಡಿದೆ. ಅತ್ತೆ ಮಾತ್ರ ಮುದ್ದೆ ಆದ ಮೇಲೆ ಮಜ್ಜಿಗೆಗೆ ಎರಡು ತುತ್ತು ಅನ್ನ ಬಡಿಸದೆ ಏಳೋಕೆ ಬಿಡುತ್ತಿರಲಿಲ್ಲ. ಅವರು ಊರಿಗೆ ಹೋದ ಮೇಲೆ ಅದನ್ನೂ ನಿಲ್ಲಿಸಿದೆ.

ಇದಲ್ಲದೆ ಕಾಫಿ. ದಿನಕ್ಕೆ ನಾಲ್ಕು ಲೋಟ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 20 ಕ್ಯಾಲೊರಿ ಅಂದರೂ ದಿನಕ್ಕೆ 160. ಈಗ ಎರಡು ಲೋಟ, ಸಕ್ಕರೆ ಇಲ್ಲ. ಮೊದಲ ಹತ್ತು ದಿನ ಕಷಾಯ ಕುಡಿದ ಹಾಗಿತ್ತು. ಈಗ ಯಾರಾದರೂ ಸಕ್ಕರೆ ಹಾಕಿ ಕೊಟ್ಟರೆ ಪಾಯಸ ಅನ್ನಿಸುತ್ತೆ.

ಡಿಸೆಂಬರ್ ಮೊದಲ ಭಾನುವಾರ 75.9. ಸೊಂಟ 37. ಎಚ್‌ಬಿಎ1ಸಿ 5.6.

ಕೆರೆ, ಮುದ್ದೆ ಎರಡೂ ಒಟ್ಟಿಗೆ ಶುರುವಾದದ್ದಲ್ವಾ, ಇಳಿಸಿದ್ದು ಯಾವುದು ಅಂತ ಹೆಂಡತಿ ಕೇಳಿದಳು. ಅಕ್ಟೋಬರಲ್ಲಿ ಶೀತ ಜ್ವರ ಬಂದು ಮೂರು ವಾರ ಕೆರೆ ಕಡೆ ತಲೆ ಹಾಕಿರಲಿಲ್ಲ. ಜ್ವರ ಇದ್ದದ್ದು ನಾಲ್ಕೇ ದಿನ, ಉಳಿದದ್ದು ಸೋಮಾರಿತನ. ಊಟ ಮಾತ್ರ ಹಾಗೇ ಇತ್ತು. ಆ ಮೂರು ವಾರದಲ್ಲೂ 800 ಗ್ರಾಂ ಇಳಿದಿತ್ತು. ಆದರೆ ನಿದ್ದೆ ಕೆಟ್ಟಿತ್ತು, ಸಿಡಿಮಿಡಿ ಜಾಸ್ತಿಯಾಗಿತ್ತು, ಮತ್ತೆ ಕೆರೆಗೆ ಹೋದ ದಿನ ಅರ್ಧ ಸುತ್ತಿಗೇ ಏದುಸಿರು. ತೂಕದ ಲೆಕ್ಕ ತಟ್ಟೆಯದು, ಉಳಿದ ಸುಖ ಕಾಲಿನದು ಅಂತ ಅವಳಿಗೆ ಹೇಳಿದೆ.

ಜಿಮ್ಮಿನಲ್ಲಿ ಕಲಿತದ್ದು ದಂಡವಾಗಲಿಲ್ಲ. ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ, ಅದನ್ನ ಉಳಿಸಿಕೊಳ್ಳೋಕೆ ಭಾರದ ಕೆಲಸ ಬೇಕು. ಹಾಗಾಗಿ ಮಂಗಳವಾರ, ಶನಿವಾರ ಮನೆಯಲ್ಲೇ ಇಪ್ಪತ್ತು ನಿಮಿಷ. ಬಸ್ಕಿ, ಮೊಣಕಾಲೂರಿ ದಂಡ, ಐದೈದು ಲೀಟರಿನ ಎರಡು ನೀರಿನ ಕ್ಯಾನು ಹಿಡಿದು ಮಹಡಿ ಮೆಟ್ಟಿಲು ಹತ್ತೋದು. ಜಿಮ್ಮಿನ ಕಾರ್ಡು ಇನ್ನೂ ಮೂರು ವಾರ ಇದೆ. ಮಳೆ ಜೋರಿದ್ದ ದಿನ ಹೋಗಿ ಬಂದಿದ್ದೇನೆ, ಆ ಹುಡುಗನಿಗೆ ಈಗ "ಆಗಲ್ಲ ಕಣಪ್ಪ" ಅನ್ನೋಕೂ ಬರುತ್ತೆ. ಹೊಸದಾಗಿ ಸೇರೋರಿದ್ದರೆ ತಿಂಗಳ ಲೆಕ್ಕದಲ್ಲಿ ಕಟ್ಟಿ, ಅವರು ವರ್ಷದ ರಿಯಾಯಿತಿ ಎಷ್ಟೇ ತೋರಿಸಲಿ.

ಬೆಟ್ಟಕ್ಕೆ ತಿಂಗಳಿಗೊಂದು ಭಾನುವಾರ ಹೋಗುತ್ತೇನೆ. ಎಂಟು ಕಿಲೋ ಕಡಿಮೆ ಹೊತ್ತು ಇಳಿಯೋದರಿಂದ ಮಂಡಿ ಸುಮ್ಮನಿದೆ. ಹೋಟೆಲಿಗೂ ಹೋಗುತ್ತೇವೆ, ದೋಸೆ ತಿನ್ನುತ್ತೇನೆ. ವಡೆ ಹಂಚಿಕೊಳ್ಳೋಕೆ ಮಾತ್ರ ಈಗ ನನ್ನನ್ನ ಯಾರೂ ಕೇಳಲ್ಲ.