ನೀಲಿ ದೀಪ ಆರಿದ ಮಾತ್ರಕ್ಕೆ ಇಂಜಿನ್ ಬಿಸಿಯಾಗಿರಲ್ಲ: ಪುಟ್ಟ ಕಾರಿಗೆ ಕೊಂಡ ಏಳು ಸಾಮಾನು

ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಒಂಬತ್ತು ವರ್ಷ ಹಳೆಯದು. ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಮುಳ್ಳೇ ಇದರಲ್ಲಿಲ್ಲ. ತಣ್ಣಗಿದ್ದರೆ ನೀಲಿ ದೀಪ, ತೀರಾ ಕಾದರೆ ಕೆಂಪು ದೀಪ. ನಡುವೆ ಏನಾಗುತ್ತಿದೆ ಅನ್ನೋದು ನಿನಗ್ಯಾಕೆ ಅನ್ನುವ ಹಾಗೆ.

ಎರಡು ಚಳಿಗಾಲದಲ್ಲಿ ಈ ಕಾರಿಗೆ ಏಳು ಸಾಮಾನು ಕೊಂಡೆ. ಅದರಲ್ಲಿ ಮೂರು ಮಾತ್ರ ಈಗಲೂ ಕಾರಿನಲ್ಲಿವೆ. "ಕಾರಿಗಿಂತ ಅದರ ಒಡವೆಗೇ ಜಾಸ್ತಿ ಖರ್ಚು" ಅಂತ ನಮ್ಮ ಮನೆಯವರು ನಗುತ್ತಾರೆ. ನಗಲಿ.

ಮೊದಲು ದಂಡವಾದದ್ದನ್ನು ಹೇಳಿ ಮುಗಿಸುತ್ತೇನೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ 150 ವ್ಯಾಟಿನ ಪುಟ್ಟ ಫ್ಯಾನ್ ಹೀಟರ್. ಕೂದಲು ಒಣಗಿಸುವ ಡ್ರೈಯರ್ 1500 ವ್ಯಾಟ್ ಇರುತ್ತದೆ. ಅದರ ಹತ್ತನೇ ಒಂದು ಪಾಲಿನಲ್ಲಿ ಇಡೀ ಕಾರು ಬೆಚ್ಚಗಾಗಬೇಕಂತೆ! ಗಾಜಿನ ಮೇಲೆ ಅಂಗೈಯಷ್ಟು ಜಾಗದ ಮಂಜು ಕರಗಿತು, ಅಷ್ಟೇ. 12 ವೋಲ್ಟಿನಲ್ಲಿ 150 ವ್ಯಾಟ್ ಅಂದರೆ 12.5 ಆಂಪಿಯರ್. ಸಾಕೆಟ್ಟಿನ ಫ್ಯೂಸ್ 15ರದ್ದು. ಹತ್ತು ನಿಮಿಷಕ್ಕೆ ಪ್ಲಗ್ಗು ಮುಟ್ಟಿದರೆ ಕೈ ಸುಡುತ್ತಿತ್ತು. ಎತ್ತಿಟ್ಟುಬಿಟ್ಟೆ.

ಅದೇ ಸಾಕೆಟ್ಟಿಗೆ ಹಾಕುವ 45 ವ್ಯಾಟಿನ ಸೀಟ್ ಹೀಟರ್ ಮಾತ್ರ ಬಂಗಾರ. ಗಾಳಿಯನ್ನು ಬಿಸಿ ಮಾಡಲು ಒದ್ದಾಡುವುದಿಲ್ಲ, ನೇರ ಬೆನ್ನಿಗೇ ಬಿಸಿ ಕೊಡುತ್ತದೆ. ಎರಡು ನಿಮಿಷ ಸಾಕು. ಕಾರಿನ ಹೀಟರ್ ಏಳುವ ತನಕ ಇದೇ ಗತಿ.

ಮುಂದಿನ ಗಾಜಿಗೆ ಹೊದಿಸುವ ಕವರ್ ಕೂಡ ಚೆನ್ನಾಗಿದೆ. ತುದಿಗಳನ್ನು ಬಾಗಿಲ ಒಳಗೆ ಸೇರಿಸಿ ಬಾಗಿಲು ಹಾಕಿದರೆ ಗಾಳಿಗೆ ಹಾರುವುದಿಲ್ಲ. ಬೆಳಿಗ್ಗೆ ಐಸ್ ಕೆರೆಯುವ ಕೆಲಸವಿಲ್ಲ. ಆದರೆ ಒದ್ದೆ ಕವರನ್ನು ಹಾಗೇ ಹಿಂದಿನ ಸೀಟಿಗೆ ಎಸೆಯಬೇಡಿ. ಆ ನೀರೆಲ್ಲ ಆವಿಯಾಗಿ ಗಾಜಿನ ಒಳಗಡೆ ಕೂರುತ್ತದೆ. ನಾನು ಒಂದು ವಾರ ಎಸೆದು ಕಲಿತೆ.

ಈಗ ಮುಖ್ಯ ವಿಷಯ. ತಣ್ಣನೆ ಗಾಳಿ ಒಳಗೆ ನುಗ್ಗದಂತೆ ಮುಂದಿನ ಗ್ರಿಲ್ಲಿಗೆ ಕಟ್ಟುವ ಕವರು, ಮತ್ತು ಕಾರಿನ ಕಂಪ್ಯೂಟರಿನ ಲೆಕ್ಕ ಓದಿ ಫೋನಿಗೆ ಕಳಿಸುವ ಒಬಿಡಿ ರೀಡರು. ಇವೆರಡರದ್ದೂ ಒಂದೇ ಕತೆ.

ಮೊದಲ ಚಳಿಗಾಲದಲ್ಲಿ ನನ್ನ ದೂರು ಒಂದೇ, ಹೀಟರಿನಲ್ಲಿ ಬರುವುದು ಬರೀ ಉಗುರು ಬೆಚ್ಚನೆ ಗಾಳಿ. ವರ್ಕ್‌ಶಾಪಿಗೆ ಒಯ್ದೆ. "ಚಿಕ್ಕ ಇಂಜಿನ್ ಅಲ್ವಾ ಮೇಡಂ, ಚಳೀಲಿ ಹೀಗೇ" ಅಂದು ಕಳಿಸಿದರು. ಮಾತಿನಲ್ಲಿ ಅರ್ಧ ಸತ್ಯವಿತ್ತು. ಕಡಿಮೆ ಪೆಟ್ರೋಲ್ ಸುಡುವ ಇಂಜಿನ್ನಿನಲ್ಲಿ ಪೋಲಾಗುವ ಬಿಸಿಯೂ ಕಡಿಮೆ, ಹೀಟರಿಗೆ ಸಿಗುವುದು ಆ ಪೋಲಾದ ಬಿಸಿಯೇ. ನಂಬಿದೆ. ಗ್ರಿಲ್ ಕವರ್ ತಂದು ಕಟ್ಟಿದೆ. ಆಹಾ, ಒಂದೇ ದಿನದಲ್ಲಿ ವ್ಯತ್ಯಾಸ ಗೊತ್ತಾಯಿತು! ಸಿಕ್ಕವರಿಗೆಲ್ಲ ಕೊಳ್ಳಿ ಅಂತ ಹೇಳಿಕೊಂಡು ತಿರುಗಿದೆ.

ಎರಡನೇ ಚಳಿಗಾಲಕ್ಕೆ ರೀಡರ್ ಬಂತು. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ನೋಡಿರಬಹುದು. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದು ಕಡ್ಡಾಯ. ಬೆಂಕಿಪೊಟ್ಟಣದಷ್ಟು ದೊಡ್ಡ ರೀಡರನ್ನು ಅದಕ್ಕೆ ಚುಚ್ಚಿದರೆ ಕಾರಿನ ಕಂಪ್ಯೂಟರಿಗೆ ಗೊತ್ತಿರುವ ಬಹಳಷ್ಟು ವಿಷಯ ಬ್ಲೂಟೂತ್ ಮೂಲಕ ಫೋನಿಗೆ ಬರುತ್ತದೆ. ನನಗೆ ಬೇಕಾಗಿದ್ದು ಎರಡೇ ಸಂಖ್ಯೆ, ಕೂಲೆಂಟ್ (ಇಂಜಿನ್ ತಣಿಸುವ ನೀರು) ಎಷ್ಟು ಬಿಸಿ ಅನ್ನೋದು ಮತ್ತು ಬ್ಯಾಟರಿ ವೋಲ್ಟೇಜ್. ಗಾಡಿ ಓಡಿಸುವಾಗ ಫೋನ್ ನೋಡುವುದು ನನ್ನ ಕೆಲಸವಲ್ಲ. ಶಾಲೆಗೆ ಬರುವ ಮಗಳು ಓದಿ ಹೇಳುತ್ತಾಳೆ. ಮೊದಲ ದಿನ, "ಅಮ್ಮಾ, ಮೈನಸ್ ಏಳು! ಫ್ರಿಜ್ಜಿಗಿಂತ ತಣ್ಣಗಿದೆ."

ಆವತ್ತೇ ತಿಳಿದದ್ದು, ನನ್ನ ಕಾರಿನ ನೀಲಿ ದೀಪ 55 ಡಿಗ್ರಿಗೇ ಆರಿಹೋಗುತ್ತದೆ. ಇಷ್ಟು ದಿನ ದೀಪ ಆರಿದ ಕೂಡಲೇ ಇಂಜಿನ್ ಸಿದ್ಧ ಅಂದುಕೊಂಡು ಆಕ್ಸಿಲರೇಟರ್ ತುಳಿಯುತ್ತಿದ್ದೆ.

ಒಂದು ವಾರ ಕವರ್ ಕಟ್ಟಿಕೊಂಡೇ ಓಡಿಸಿದೆ. ಹನ್ನೊಂದು ಕಿಲೋಮೀಟರ್, ಇಪ್ಪತ್ತೈದು ನಿಮಿಷ. ಕೊನೆಗೆ 78 ಡಿಗ್ರಿ. ಒಂದು ಬೆಳಿಗ್ಗೆ ಕವರಿನ ಪಟ್ಟಿ ಕಿತ್ತುಹೋಯಿತು, ತೆಗೆದು ಡಿಕ್ಕಿಗೆ ಹಾಕಿದೆ. ಅವತ್ತು 64 ದಾಟಲೇ ಇಲ್ಲ. ಇಳಿಜಾರಿನಲ್ಲಿ 58ಕ್ಕೆ ಇಳಿಯಿತು. ಕವರ್ ಎಂಥಾ ಕೆಲಸ ಮಾಡ್ತಿತ್ತು ನೋಡು ಅಂತ ಹಿಗ್ಗಿದೆ.

ಆಮೇಲೆ ರಾತ್ರಿ ಮಲಗಿದಾಗ ತಲೆಗೆ ಹುಳ ಬಿತ್ತು. ಇಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ಕೂಲೆಂಟಿನ ದಾರಿ ತೆರೆದು ಮುಚ್ಚುವ ಕವಾಟ, ಮುಚ್ಚಿರುತ್ತದೆ. ನೀರು ಗ್ರಿಲ್ಲಿನ ಹಿಂದೆ ಅದನ್ನು ತಣಿಸುವ ರೇಡಿಯೇಟರಿಗೆ ಹೋಗುವುದೇ ಇಲ್ಲ, ಇಂಜಿನ್ ಮತ್ತು ಹೀಟರ್ ಸುತ್ತ ಮಾತ್ರ ತಿರುಗುತ್ತದೆ. ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಹತ್ತಿರ ಬಂದ ಮೇಲೆಯೇ ಅದು ಬಾಯಿ ತೆರೆಯುವುದು. ಹಾಗಿದ್ದ ಮೇಲೆ 60 ಡಿಗ್ರಿಯಲ್ಲಿ ರೇಡಿಯೇಟರ್ ಮುಂದೆ ಬಟ್ಟೆ ಕಟ್ಟಿದರೇನು, ಬಿಟ್ಟರೇನು? ಹೆಚ್ಚೆಂದರೆ ಒಂದೆರಡು ನಿಮಿಷದ ವ್ಯತ್ಯಾಸ ಬರಬೇಕು. 14 ಡಿಗ್ರಿ ಎಲ್ಲಿಂದ ಬಂತು?

ಕವರ್ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೇ ರೋಗದ ಗುರುತಾಗಿತ್ತು. ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚದೆ ನಿಂತುಬಿಟ್ಟಿತ್ತು, ನೀರು ಸದಾ ರೇಡಿಯೇಟರಿಗೆ ಹೋಗಿ ತಣಿಯುತ್ತಿತ್ತು.

ಬೆಳಿಗ್ಗೆ ಎದ್ದು ರೀಡರಿನಲ್ಲಿ ದೋಷ ಹೇಳುವ ಕೋಡ್ ಹುಡುಕಿದೆ. ಪಿ0128, ಪೆಂಡಿಂಗ್ (ಇನ್ನೂ ಖಚಿತವಾಗದ ದೋಷಗಳ) ಪಟ್ಟಿಯಲ್ಲಿ ಸುಮ್ನೆ ಕೂತಿತ್ತು. ಕೂಲೆಂಟ್ ಬೇಕಾದಷ್ಟು ಬಿಸಿ ಏರುತ್ತಿಲ್ಲ ಅಂತ ಅದರ ಅರ್ಥ. ಚೆಕ್ ಇಂಜಿನ್ ದೀಪ ಉರಿದಿರಲಿಲ್ಲ. ನನ್ನ ಓಡಾಟ ಚಿಕ್ಕದು, ಕಾರು ತನ್ನ ಪರೀಕ್ಷೆ ಪೂರ್ತಿ ಮಾಡಿ ಖಚಿತಪಡಿಸಿಕೊಳ್ಳುವ ಮೊದಲೇ ನಾನು ಇಳಿದು ಹೋಗಿರುತ್ತಿದ್ದೆನೇನೋ. ಈ ಸಲ ಬೇರೆ ಗ್ಯಾರೇಜಿಗೆ ಹೋಗಿ ಫೋನಿನಲ್ಲಿದ್ದ ಗ್ರಾಫ್ ತೋರಿಸಿದೆ. ಮೆಕ್ಯಾನಿಕ್ ಎರಡನೇ ಮಾತಾಡದೆ ಥರ್ಮೋಸ್ಟಾಟ್ ಬದಲಿಸಿದರು.

ಈಗ ಕವರ್ ಇಲ್ಲದೆ 12 ನಿಮಿಷಕ್ಕೆ 85. ಕವರ್ ಕಟ್ಟಿದರೆ 11 ನಿಮಿಷ. ಆ ಒಂದು ನಿಮಿಷದ ಆಸೆಗೆ ಕಟ್ಟಿಕೊಂಡು ಓಡಾಡಿದೆ. ಒಂದು ಮಧ್ಯಾಹ್ನ ಬಿಸಿಲು ಬಂತು, ಏರು ರಸ್ತೆ, "ಅಮ್ಮಾ ನೂರನಾಲ್ಕು!" ಅಂದಳು ಮಗಳು. ಫ್ಯಾನ್ ಭರ್ ಅಂತ ತಿರುಗುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ಬಿಚ್ಚಿದವಳು ಮತ್ತೆ ಕಟ್ಟಲಿಲ್ಲ. ತೀರಾ ಕೊರೆಯುವ ಚಳಿಯ ಜಾಗದವರಿಗೆ ಅದು ಬೇಕಾಗಬಹುದು. ಆದರೆ ಬಿಸಿ ತೋರಿಸುವ ಮುಳ್ಳು ಅಥವಾ ರೀಡರ್ ಇಲ್ಲದ ಕಾರಿಗೆ ಕಟ್ಟಬೇಡಿ.

ಬ್ಯಾಟರಿ ವಿಷಯದಲ್ಲೂ ರೀಡರ್ ಕಣ್ಣು ತೆರೆಸಿತು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲು, 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಸುಮಾರು ಅರ್ಧ. ನನ್ನದು 12.1 ಇತ್ತು. ಹೀಟರ್ ಫ್ಯಾನ್, ಹೆಡ್‌ಲೈಟ್, ಹಿಂದಿನ ಗಾಜಿನ ಡಿಫಾಗರ್, ಮೇಲೆ ಸೀಟ್ ಹೀಟರ್. ಚಿಕ್ಕ ಓಡಾಟದಲ್ಲಿ ಎಲ್ಲಿ ತುಂಬಬೇಕು ಪಾಪ? ಮನೆಯಲ್ಲಿ ಪ್ಲಗ್ ಹಾಕುವ ಸಣ್ಣ ಬ್ಯಾಟರಿ ಚಾರ್ಜರ್ ತಂದೆ, ತುಂಬಿದ ಮೇಲೆ ತಾನೇ ನಿಲ್ಲಿಸುವಂಥದ್ದು. ವಾರಕ್ಕೊಂದು ರಾತ್ರಿ ಹಾಕುತ್ತೇನೆ. ಬೆಳಗಿನ ಗೊರಗೊರ ಸದ್ದು ನಿಂತಿದೆ.

ಟೈರಿನ ವಾಲ್ವಿಗೆ ತಿರುಗಿಸುವ ಪ್ರೆಷರ್ ಸೆನ್ಸರ್ ಕ್ಯಾಪುಗಳೂ ಬಂದಿದ್ದವು. ಸುಮಾರು ಐದೂವರೆ ಡಿಗ್ರಿ ಚಳಿ ಏರಿದರೆ ಟೈರಿನ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ, ಅದನ್ನು ಸರಿಯಾಗೇ ತೋರಿಸಿದವು. ಆದರೆ ಉಪ್ಪು ಸುರಿದ ರಸ್ತೆಯಲ್ಲಿ ಓಡಾಡಿ ಒಂದು ಕ್ಯಾಪ್ ವಾಲ್ವಿಗೆ ಕಚ್ಚಿಕೊಂಡಿತು, ಇಕ್ಕಳ ಹಿಡಿದು ತೆಗೆಯಬೇಕಾಯಿತು. ತಿಂಗಳಿಗೆರಡು ಸಲ ಕೈ ಗೇಜ್ ಹಿಡಿದರೆ ಸಾಕು.

ರೀಡರ್ ಕೊಳ್ಳುವವರು ಫೋನ್ ಯಾವುದು ಅಂತ ಮೊದಲು ನೋಡಿಕೊಳ್ಳಿ. ಹಳೆಯ ಬಗೆಯ ಬ್ಲೂಟೂತ್ ರೀಡರುಗಳು ಆಂಡ್ರಾಯ್ಡಿಗೆ ಸರಿ, ಐಫೋನಿಗೆ ಸಾಮಾನ್ಯವಾಗಿ ವೈಫೈ ಅಥವಾ ಬ್ಲೂಟೂತ್ ಎಲ್‌ಇ (ಹೊಸ ಬಗೆಯದು) ಇರುವುದೇ ಬೇಕು. ಇಎಲ್‌ಎಂ327 ಅನ್ನೋದು ಇಂಥ ರೀಡರುಗಳ ಒಳಗಿನ ಚಿಪ್ಪಿನ ಹೆಸರು, ಹಾಗಂತ ಬರೆದಿರುವುದೆಲ್ಲ ಅಸಲಿ ಚಿಪ್ ಅಲ್ಲ. ನನ್ನ ಮೊದಲ ರೀಡರ್ ನಾಲ್ಕು ನಿಮಿಷಕ್ಕೊಮ್ಮೆ ಸಂಪರ್ಕ ಕಡಿದುಕೊಳ್ಳುತ್ತಿತ್ತು, ವಾಪಸ್ ಕಳಿಸಿದೆ. ಕೂಲೆಂಟ್ ಬಿಸಿ ಮೈನಸ್ 40 ಅಂತ ಬಂದರೆ ಗಾಬರಿಯಾಗಬೇಡಿ, ಕಾರು ಕಳಿಸುವ ಲೆಕ್ಕ ಶುರುವಾಗುವುದೇ ಅಲ್ಲಿಂದ, ಅದೇ ಸೊನ್ನೆ. ಸೆನ್ಸರ್ ತಂತಿ ಬಿಟ್ಟುಕೊಂಡರೂ ಅದೇ ಬರುತ್ತದೆ. ಇನ್ನೊಂದು, ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಬರುತ್ತಿರುತ್ತದೆ. ತಾನೇ ನಿದ್ದೆ ಹೋಗುವ ರೀಡರ್ ಕೊಳ್ಳಿ, ಇಲ್ಲವೇ ಇಳಿಯುವಾಗ ಕಿತ್ತಿಡಿ.

ರೀಡರಿನ ಉದ್ದವೂ ನೋಡಿ. ನನ್ನದು ಕ್ಲಚ್ ತುಳಿದಾಗಲೆಲ್ಲ ಎಡ ಮೊಣಕಾಲಿಗೆ ತಗಲುತ್ತಿತ್ತು. ಮೋಟು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಪಕ್ಕಕ್ಕೆ ಕಟ್ಟಿದ್ದೇನೆ. ಅದು ಎಂಟನೇ ಸಾಮಾನು. ಮನೆಯವರಿಗೆ ಇನ್ನೂ ಹೇಳಿಲ್ಲ.